ಶಾರದಾ ಎಂಬವಳೂ ಶಾರದ ಎಂಬವಳೂ ಒಬ್ಬಳೇ

ಮಗಳು ಫೋನು ಮಾಡಿ ಸಂಗತಿ ಹೇಳಿದ್ದು ಮೇ ಕೊನೆಯಲ್ಲಿ, ಅಂಗಳದ ತುಂಬ ಹಲಸಿನ ಹಪ್ಪಳ ಒಣಹಾಕಿದ್ದ ದಿನ. ಮೋಡ ಕಟ್ಟಿತ್ತು. ಕಿವಿ ಫೋನಿನಲ್ಲಿ, ಕಣ್ಣು ಆಕಾಶದಲ್ಲಿ. "ಜನವರಿ ಮಧ್ಯಕ್ಕೆ ಅಂತ ಹೆರಿಗೆಯ ಡೇಟ್ ಕೊಟ್ಟಿದ್ದಾರೆ. ನೀನು ಬರ್ಲೇಬೇಕು ಅಮ್ಮ" ಎಂದಳು. "ಬಾರದೆ ಇರ್ತೇನಾ" ಎಂದೆ. ಅಷ್ಟರಲ್ಲಿ ಹನಿ ಬಿತ್ತು. ಚಾಪೆಗಳನ್ನು ಎಳೆದು ಒಳಗೆ ಹಾಕುವ ಗಡಿಬಿಡಿಯಲ್ಲಿ, ಬರುವುದು ಅಂದರೆ ಜರ್ಮನಿಗೆ ಎಂಬುದು ತಲೆಗೇ ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇವರು ಕೇಳಿದರು: "ನಿನ್ನ ಹತ್ರ ಪಾಸ್‌ಪೋರ್ಟ್ ಉಂಟಾ?"

ಇರಲಿಲ್ಲ. ಗಲ್ಫಿಗೆ ಹೋದವರೇ ಕಟ್ಟಿಸಿದ ಮನೆಗಳು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿರುವ ಊರು ನಮ್ಮದು. ಪಕ್ಕದ ತೋಟದ ಇಚ್ಚ 1980ರ ದಶಕದಲ್ಲೇ ಬೊಂಬಾಯಿ ಹತ್ತಿ ಅಲ್ಲಿಂದ ಶಾರ್ಜಕ್ಕೆ ಹೋದವರು. ನಾನು ಕಾಸರಗೋಡಿನ ಬದಿಯಡ್ಕದಿಂದ ಒಳಗಿನ ಒಂದು ಕನ್ನಡ ಶಾಲೆಯಲ್ಲಿ 32 ವರ್ಷ ಪಾಠ ಹೇಳಿ, ಕೇರಳದ ಲೆಕ್ಕದಂತೆ 56ಕ್ಕೆ ನಿವೃತ್ತಳಾಗಿ, ಈಗ 62 ವರ್ಷದವಳು. ಹೋದ ಅತಿ ದೂರದ ಊರು ಕಾಶಿ. ಅದಕ್ಕೆ ಪಾಸ್‌ಪೋರ್ಟ್ ಕೇಳಲಿಲ್ಲ.

ವೀಸಾ ಎಂದರೆ ಎಂತ ಎಂದು ಮಾತ್ರ ನಮಗೆಲ್ಲ ಮೊದಲೇ ಗೊತ್ತಿತ್ತು. ಕಲಿಸಿದ್ದು ತಲಪಾಡಿ. 2020ರ ಮಾರ್ಚಿನಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ಇಷ್ಟು ವರ್ಷ ಬಸ್ಸಿನಲ್ಲಿ ಕಡಲೆ ತಿನ್ನುತ್ತಾ ದಾಟುತ್ತಿದ್ದ ಜಾಗಕ್ಕೆ ಪಾಸು, ಕಾರಣ, ಫೋಟೊ ಎಲ್ಲ ಬೇಕಾಯಿತು. ಮಂಗಳೂರಿನ ಆಸ್ಪತ್ರೆ ನಂಬಿಕೊಂಡ ನಮ್ಮಂಥವರಿಗೆ ಆಗ ಆದ ಕಷ್ಟ ಹೇಳಿ ಮುಗಿಯುವಂಥದ್ದಲ್ಲ.

ಮರುದಿನ ಮಂಚದ ಮೇಲೆ ನನ್ನ ಕಾಗದಗಳನ್ನೆಲ್ಲ ಹರಡಿದೆ. ಎಸ್ಸೆಸ್ಸೆಲ್ಸಿ ಪುಸ್ತಕ, 1978ರದ್ದು. ಅಂಚು ಹುಳು ತಿಂದಿದೆ, ಅಕ್ಷರ ಉಳಿದಿದೆ. ಅದರಲ್ಲಿ ಇಂಗ್ಲಿಷಿನಲ್ಲಿ ಶಾರದಾ ಕೆ., ಎಸ್ ಆದ ಮೇಲೆ ಎಚ್ ಉಂಟು. ಪೆನ್ಷನ್ ಪುಸ್ತಕದಲ್ಲಿ ಕೆ. ಮುಂದೆ ಬಂದು ಕೆ. ಶಾರದಾ. ವೋಟರ್ ಕಾರ್ಡಿನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಇಳಿದ ಕಾರಣ ಎಚ್ ಹಾರಿಹೋಗಿ 'ಸರದ'. ಆಧಾರಿನಲ್ಲಿ ಹಾರಿಹೋದ ಎಚ್ ಹಿಂದೆ ಬಂದು ಕೂತು 'ಸರಧ'. ಪಾನ್ ಕಾರ್ಡಿನವರು ಇನಿಶಿಯಲ್ ಒಪ್ಪುವುದಿಲ್ಲ, ಹಾಗಾಗಿ ಅಲ್ಲಿ ಕೆ. ಬಿಡಿಸಿ 'ಕೋಡಿಮೂಲ' ಎಂದು ಬರೆದಿದ್ದಾರೆ. ನನ್ನ ತಂದೆಯ ಮನೆ ಕೋಡಿಮೂಲೆ. ಮೂಲೆ ಮಲಯಾಳಕ್ಕೆ ಹೋದರೆ ಮೂಲ ಆಗುತ್ತದೆ, ನೆಲ್ಲಿಕುಂಜ ನೆಲ್ಲಿಕುನ್ನು ಆದ ಹಾಗೆ, ಮಂಜೇಶ್ವರಕ್ಕೆ ಬಾಲದಲ್ಲಿ ಒಂದು ಮಕಾರ ಬಂದ ಹಾಗೆ. ರೇಷನ್ ಕಾರ್ಡಿನಲ್ಲಿ ಮಾತ್ರ ಬರೀ ಮಲಯಾಳ, ಅದರಲ್ಲಿ ನಾನೇ ಮನೆಯ ಯಜಮಾನಿ. ಆ ಒಂದು ಕಾಗದವನ್ನು ಇವರು ಯಾವಾಗಲೂ ಮಡಚಿ ಅಡಿಗೆ ಇಡುತ್ತಾರೆ.

ಇಂಗ್ಲಿಷಿನ ಐದು ಕಾಗದ, ಐದು ಹೆಂಗಸರು. ಇಡೀ ಆಯುಸ್ಸು ಮಕ್ಕಳ ಕಾಪಿಯಲ್ಲಿ ದೀರ್ಘ ತಪ್ಪಿದರೆ ಕೆಂಪು ಗೆರೆ ಎಳೆದವಳಿಗೆ ಇದಕ್ಕಿಂತ ಶಿಕ್ಷೆ ಬೇಕಾ?

ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಎಲ್ಲ ನೋಡಿ, "ಟೀಚರೇ, ಮೊದಲು ಆಧಾರ್ ಸರಿ ಮಾಡುವ. ಉಳಿದದ್ದೆಲ್ಲ ಅದರ ಹಿಂದೆ ಬರ್ತದೆ" ಎಂದಳು. ಆಧಾರಿನಲ್ಲಿ ಹೆಸರು ತಿದ್ದಲು ಆಯುಷ್ಯದಲ್ಲಿ ಎರಡೇ ಅವಕಾಶ ಎಂದು ಕೇಳಿ ಕೈ ನಡುಗಿತು. ಯಾವ ಸ್ಪೆಲ್ಲಿಂಗ್ ಇಟ್ಟುಕೊಳ್ಳುವುದು? ಹುಡುಗಿಯ ಸಲಹೆ, ಹೆಚ್ಚು ಕಾಗದದಲ್ಲಿ ಇರುವುದನ್ನು. ನನ್ನ ಹಟ, ಸರಿಯಾದದ್ದನ್ನು. ಕೊನೆಗೆ ಎಸ್ಸೆಸ್ಸೆಲ್ಸಿ ಪುಸ್ತಕವೇ ಹುಟ್ಟಿದ ತಾರೀಕಿಗೂ ಆಧಾರವಾಗಿರುವ ಕಾರಣ ಅದರ ಶಾರದಾ, ಅದರ ಮುಂದೆ ಬಿಡಿಸಿ ಬರೆದ ಕೋಡಿಮೂಲೆ, ಕೊನೆಗೆ ಇ ಇರುವ ಹಾಗೆ, ಎಂದು ತೀರ್ಮಾನವಾಯಿತು.

ಆಮೇಲೆ ಬೆರಳಿನ ಕಥೆ. ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಇನ್ನೊಂದು ಬೆರಳು, ಕೆಂಪು. 32 ವರ್ಷ ಸೀಮೆಸುಣ್ಣ ಹಿಡಿದು, ಅದಕ್ಕಿಂತ ಹೆಚ್ಚು ವರ್ಷ ಅಡಿಕೆ ಸುಲಿದ ಕೈ. ಗೆರೆಯೆಲ್ಲ ಎಲ್ಲಿಗೋ ಸವೆದುಹೋಗಿದೆ. ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಉಜ್ಜಿದಳು, ತಲೆಗೆ ಒಮ್ಮೆ ಬೆರಳು ತೀಡಿ ಇಡಲು ಹೇಳಿದಳು. ಬೆಳಗ್ಗೆ ಹಾಕಿದ ತೆಂಗಿನೆಣ್ಣೆಯ ಪಸೆ ತಾಗಿ ಎಡಗೈಯ ಉಂಗುರ ಬೆರಳು ಹಸಿರು ದೀಪ ತಂದಿತು. ಅಲ್ಲಿಂದ ಮುಂದೆ ಎಲ್ಲಿ ಬೆರಳು ಕೊಡುವುದಿದ್ದರೂ ಒಂದು ವಾರ ಮೊದಲೇ ಅಡಿಕೆ ಮುಟ್ಟುವುದನ್ನು ಬಿಟ್ಟೆ, ರಾತ್ರಿ ಬೆರಳಿಗೆ ಎಣ್ಣೆ ಹಚ್ಚಿ ಮಲಗಿದೆ. ಹಿರಿಯರಿಗೆ ಪ್ರಯೋಜನ ಆದೀತು ಎಂದು ಹೇಳುತ್ತಿದ್ದೇನೆ.

ಹಳೆ ಕಾಗದಗಳಲ್ಲಿ ಇರುವ ಉಳಿದ ನಾಲ್ಕು ಮಂದಿಯನ್ನು ಎಂತ ಮಾಡುವುದು? ಅದಕ್ಕೆ ಕೇರಳದಲ್ಲಿ ಒಂದು ಸರ್ಟಿಫಿಕೇಟ್ ಉಂಟು, ವಿಲ್ಲೇಜ್ ಆಫೀಸರ್ ಕೊಡುವುದು, ಹೆಸರೇ 'ವನ್ ಆಂಡ್ ದ ಸೇಮ್'. ಅವಳೂ ಇವಳೂ ಒಬ್ಬಳೇ ಎಂಬ ಸರ್ಟಿಫಿಕೇಟು. ವರ್ಷಕ್ಕೊಮ್ಮೆ ಪೆನ್ಷನಿಗಾಗಿ ಜೀವಂತ ಇದ್ದೇನೆ ಎಂದು ಸಾಬೀತು ಮಾಡುವುದು ಅಭ್ಯಾಸ ಆಗಿತ್ತು. ನಾನು ನಾನೇ ಎಂದು ಸಾಬೀತು ಮಾಡುವುದು ಇದೇ ಮೊದಲು. ಆಫೀಸರ್ ಮರ್ಯಾದಸ್ಥ ಮನುಷ್ಯ, ತೆಂಕಣದವರು. ಕಾಗದ ತಿರುವಿ ಹಾಕಿ ಕನ್ನಡಕ ತೆಗೆದು ಕೇಳಿದರು: "ಟೀಚರೇ, ಶರಿಕ್ಕುಂ ಪೇರೆಂದಾ?" ನಿಜವಾಗಿ ಹೆಸರು ಎಂತ ಅಂತ. "ಶಾರದಾ" ಎಂದೆ. ಅವರು ಬರೆದುಕೊಂಡದ್ದು 'ಶಾರದ'. ಬಾಯಲ್ಲಿ ಬಂದ ದೀರ್ಘವನ್ನು ನುಂಗಿಕೊಂಡೆ. ಇವತ್ತು ಅದು ಮುಖ್ಯವಲ್ಲ.

ಪಾಸ್‌ಪೋರ್ಟ್ ನಾನು ಹೆದರಿದ್ದಕ್ಕಿಂತ ಸುಲಭದಲ್ಲಿ ಆಯಿತು. ಮೊದಲೆಲ್ಲ ಕೋಝಿಕ್ಕೋಡಿಗೆ ಹೋಗಬೇಕಿತ್ತಂತೆ, ಆಮೇಲೆ ಪಯ್ಯನ್ನೂರು, ಈಗ ಕಾಸರಗೋಡಿನ ಪೋಸ್ಟಾಫೀಸಿನಲ್ಲೇ ಕೇಂದ್ರ ಇದೆ. ಫೀಸು 1500 ರೂಪಾಯಿ, 60 ದಾಟಿದವರಿಗೆ ಅದರಲ್ಲಿ ನೂರಕ್ಕೆ 10 ಬಿಡುತ್ತಾರೆ. ಅರ್ಜಿಯಲ್ಲಿ ಹುಟ್ಟಿದ ಸ್ಥಳದ ಹತ್ತಿರ ಸ್ವಲ್ಪ ನಿಂತೆ. ಹುಟ್ಟಿದ್ದು ಅಜ್ಜನ ಮನೆಯಲ್ಲಿ, ವಿಟ್ಲದ ಹತ್ತಿರ. ನಾನು ಹುಟ್ಟುವಾಗ ಅದು ಮೈಸೂರು ರಾಜ್ಯ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ನನ್ನ ಅಮ್ಮ ಹುಟ್ಟುವಾಗ ವಿಟ್ಲವೂ ಕೋಡಿಮೂಲೆಯೂ ಒಂದೇ ದಕ್ಷಿಣ ಕನ್ನಡ, ಎರಡಕ್ಕೂ ಮದ್ರಾಸೇ ರಾಜಧಾನಿ. ಅರ್ಜಿಗೆ ಈ ಪುರಾಣ ಬೇಡ. ಕರ್ನಾಟಕ ಎಂದು ಒತ್ತಿದೆವು. ಜುಲೈಯ ಮಳೆಯಲ್ಲಿ ಪೊಲೀಸು ಬೈಕಿನಲ್ಲಿ ಬಂದು, ಎಷ್ಟು ವರ್ಷದಿಂದ ಈ ಮನೆಯಲ್ಲಿ ಎಂದು ಕೇಳಿ, 38 ಎಂದಾಗ ಬರೆದುಕೊಂಡು ಹೋದರು. ಆಗಸ್ಟಿನಲ್ಲಿ ಸ್ಪೀಡ್ ಪೋಸ್ಟ್ ಬಂತು.

ಇವರು ಕನ್ನಡಕ ಹಾಕಿ ಓದಿದರು. ಸರ್‌ನೇಮ್ ಕೋಡಿಮೂಲೆ, ಗಿವನ್ ನೇಮ್ ಶಾರದಾ. "ಮದುವೆ ಆಗಿ 38 ವರ್ಷ ನನ್ನ ಮನೆಯಲ್ಲಿ ಕೂತು, ಈಗ ತವರಿನ ಹೆಸರು ಹಿಡ್ಕೊಂಡು ಹೊರಟಿದ್ದೀಯಲ್ಲ." ಕೋಡಿಮೂಲೆ ಈಗ ಇಲ್ಲ. ತಂದೆ ಹೋದ ಮೇಲೆ ಪಾಲಾಗಿ, ತಮ್ಮ ತನ್ನ ಪಾಲು ಮಾರಿ, ಮನೆಯನ್ನು ಕೆಡವಿ ರಬ್ಬರ್ ಹಾಕಿದ್ದಾರೆ. ಬಾವಿ ಮಾತ್ರ ಉಂಟಂತೆ.

ಇಚ್ಚ ಪಾಸ್‌ಪೋರ್ಟ್ ನೋಡಲೆಂದೇ ಬಂದರು. ಪುಟ ತಿರುವಿ, "ಟೀಚರಿಗೆ ಇಸಿಎನ್‌ಆರ್, ಭಾಗ್ಯವಂತರು" ಎಂದರು. ಎಮಿಗ್ರೇಶನ್ ತಪಾಸಣೆ ಬೇಡ ಅಂತ ಅದರ ಅರ್ಥ. ಹತ್ತನೆಯದು ಪಾಸಾಗದ ಅವರ ಹಳೆಯ ಪಾಸ್‌ಪೋರ್ಟಿನಲ್ಲಿ ಎಮಿಗ್ರೇಶನ್ ತಪಾಸಣೆಯ ಠಸ್ಸೆ ಇತ್ತು, ಪ್ರತಿ ಸಲ ಕೆಲಸಕ್ಕೆ ಹೋಗುವಾಗ ಅದಕ್ಕೊಂದು ಓಡಾಟ, ಏಜೆಂಟಿಗೊಂದು ಕಾಣಿಕೆ. ನಾನು ನೂರಾರು ಮಕ್ಕಳನ್ನು ಹತ್ತನೆಯದಕ್ಕೆ ತಯಾರು ಮಾಡಿದವಳು. ಆ ಪರೀಕ್ಷೆಯ ಬೆಲೆ ವಿಮಾನ ನಿಲ್ದಾಣದಲ್ಲಿ ಹೀಗೆ ಅಳೆಯುತ್ತಾರೆ ಎಂದು ಒಂದು ಮಗುವಿಗೂ ಹೇಳಿರಲಿಲ್ಲ.

ನಂತರ ವೀಸಾ. ಮಗಳೂ ಅಳಿಯನೂ ಇರುವುದು ಸ್ಟುಟ್‌ಗಾರ್ಟಿನಲ್ಲಿ. ಅಳಿಯ ಅಲ್ಲಿಯ ವಿದೇಶಿಯರ ಕಚೇರಿಗೆ ಹೋಗಿ 29 ಯೂರೋ ಕಟ್ಟಿ, ಅತ್ತೆಯ ಖರ್ಚೆಲ್ಲ ನನ್ನದು ಎಂದು ಒಪ್ಪಿ ಸಹಿ ಹಾಕಿದ ಕಾಗದ ಕಳಿಸಿದ. ಅದರ ಹೆಸರು 'ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್'. ಫೋನಿನಲ್ಲಿ ಮಗಳು ಹೇಳಿದಾಗ ಸೀನಿದಳೋ ಎಂದುಕೊಂಡೆ. ಬಿಡಿಸಿ ಹೇಳಿದ ಮೇಲೆ ನನಗೆ ಆ ಭಾಷೆಯ ಮೇಲೆ ಪ್ರೀತಿ ಬಂತು. ಫೆರ್‌ಫ್ಲಿಷ್ಟುಂಗ್ ಎಂದರೆ ಬಾಧ್ಯತೆ, ಎರ್‌ಕ್ಲೇರುಂಗ್ ಎಂದರೆ ಘೋಷಣೆ, ನಡುವೆ ಒಂದು ಸಕಾರದ ಅಂಟು. ಬಾಧ್ಯತೆಯ ಘೋಷಣೆ. ಶುದ್ಧ ತತ್ಪುರುಷ ಸಮಾಸ! ಕಿಟೆಲ್ ನಮ್ಮ ಭಾಷೆಗೆ ನಿಘಂಟು ಬರೆದದ್ದು ಸುಮ್ಮನೆ ಅಲ್ಲ.

ಅಂದ ಹಾಗೆ, ಮಲಯಾಳಕ್ಕೆ 1872ರಲ್ಲಿ ನಿಘಂಟು ಕೊಟ್ಟ ಗುಂಡರ್ಟ್ ಹುಟ್ಟಿದ್ದು ಅದೇ ಸ್ಟುಟ್‌ಗಾರ್ಟಿನಲ್ಲಿ, ಕನ್ನಡಕ್ಕೆ 1894ರಲ್ಲಿ ಕೊಟ್ಟ ಕಿಟೆಲ್ ತೀರಿಕೊಂಡದ್ದು ಅಲ್ಲೇ ಸಮೀಪದ ಟ್ಯೂಬಿಂಗನ್ನಿನಲ್ಲಿ, 1903ರಲ್ಲಿ. ಎರಡು ಭಾಷೆಗಳ ನಡುವೆ ಜಜ್ಜಿಹೋಗುವ ನಮ್ಮ ಕಾಸರಗೋಡಿನವಳು ಹೋಗಬೇಕಾದ ಊರು ಇದೇ ಎಂದು ನನಗೆ ಆಗ ಖಾತ್ರಿಯಾಯಿತು. ಮಗಳಿಗೆ ಹೇಳಿದರೆ, "ಅಮ್ಮ, ನೀನು ಬರುವುದು ಬಾಣಂತನಕ್ಕೆ" ಎಂದಳು.

ಇನ್ನೊಂದು ಸಂಗತಿ. ಜರ್ಮನಿಯ ಬೆಂಗಳೂರು ದೂತಾವಾಸದ ವ್ಯಾಪ್ತಿಗೆ ಕರ್ನಾಟಕವೂ ಕೇರಳವೂ ಸೇರುತ್ತವೆ. ಅಂದರೆ ನನ್ನ ಅರ್ಜಿ ಬೆಂಗಳೂರಿಗೆ. ಇವರು ಪತ್ರಿಕೆ ಕೆಳಗಿಟ್ಟು ನಕ್ಕರು. ಕಾಸರಗೋಡು ಕೇರಳಕ್ಕೆ ಹೋದ 1956ರ ನವೆಂಬರ್ 1ರಿಂದ ನಮ್ಮ ಹಿರಿಯರು ಕೇಳಿದ್ದು, ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವೇ ಬರೆದುಕೊಟ್ಟದ್ದು, ಯಾರೂ ಮಾಡದೆ ಹೋದದ್ದು, ಅದನ್ನು ಜರ್ಮನಿಯವರು ಸದ್ದಿಲ್ಲದೆ ಮಾಡಿ ಮುಗಿಸಿದ್ದಾರೆ.

ಕಾಗದಗಳ ಪಟ್ಟಿ ಉದ್ದ ಇತ್ತು. ಎಲ್ಲ ಹೇಳುವುದಿಲ್ಲ. ನನಗೆ ತಿಳಿಯದೆ ತಪ್ಪಿದ್ದನ್ನು ಮಾತ್ರ ಹೇಳುತ್ತೇನೆ.

ದಿನ ಎಣಿಸುವುದರಲ್ಲಿ ತಪ್ಪಿದೆ. ಆ ವೀಸಾದಲ್ಲಿ ಇರಬಹುದಾದದ್ದು 180 ದಿನಗಳಲ್ಲಿ 90 ದಿನ. 90 ಎಂದರೆ ಮೂರು ತಿಂಗಳು ತಾನೆ ಎಂದು ಡಿಸೆಂಬರ್ 28ಕ್ಕೆ ಇಳಿದು ಮಾರ್ಚ್ 28ಕ್ಕೆ ಹೊರಡುವುದು ಎಂದು ಬರೆದುಕೊಟ್ಟೆ. ಅಳಿಯ ಸೌಮ್ಯವಾಗಿ, "ಅತ್ತೆ, ಇನ್ನೊಮ್ಮೆ ಎಣಿಸಿ ನೋಡಿ" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಹಿಡಿದು ಒಂದೊಂದು ಮನೆಗೂ ಚುಕ್ಕಿ ಇಟ್ಟೆ. ಇಳಿದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ಡಿಸೆಂಬರಿನ 4, ಜನವರಿಯ 31, ಫೆಬ್ರವರಿಯ 28, ಮಾರ್ಚಿನ 27ಕ್ಕೆ 90 ತುಂಬಿತು. 28 ಎಂಬುದು 91ನೆಯ ದಿನ, ಅಂದರೆ ಕಳ್ಳಬಸಿರಿನ ಹಾಗೆ ಮುಚ್ಚಿಡಬೇಕಾದ ದಿನ. ವಿಮಾನ ತಡವಾದರೂ ತೊಂದರೆ ಆಗದಿರಲಿ ಎಂದು 24ಕ್ಕೆ ಹೊರಡುವುದೆಂದು ಬದಲಿಸಿದೆವು. ಟಿಕೆಟ್ ಆಗ ತೆಗೆದಿರಲಿಲ್ಲ, ಬರೀ ಕಾದಿರಿಸಿದ ಕಾಗದ. ವೀಸಾ ಬರುವ ಮೊದಲು ದುಡ್ಡು ಸುರಿಯಬೇಡಿ ಎಂದು ಇಚ್ಚನೂ ಹೇಳಿದ್ದರು.

ವಾಪಸು ಬರುತ್ತೇನೆ ಎಂದು ನಂಬಿಸುವ ಪತ್ರದಲ್ಲೂ ತಪ್ಪಿದೆ. ಗಂಡ ಇಲ್ಲೇ ಇದ್ದಾರೆ, ಕೇರಳ ಸರಕಾರದ ಪೆನ್ಷನ್ ಇಲ್ಲಿಯ ಟ್ರೆಶರಿಗೇ ಬರುತ್ತದೆ, ತೋಟ ಇದೆ ಎಂದೆಲ್ಲ ಬರೆದು, ಎರಡು ದನ ಇವೆ, ಅದರಲ್ಲಿ ಒಂದು ಬೇರೆಯವರಿಗೆ ಹಾಲು ಕರೆಯಲು ಬಿಡುವುದಿಲ್ಲ ಎಂದೂ ಬರೆದಿದ್ದೆ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಅತ್ಯಂತ ಗಟ್ಟಿ ಕಾರಣ ಅದು. ಮಗಳು ಆ ಸಾಲನ್ನು ಹೊಡೆದು ಹಾಕಿದಳು. ತೋಟದ ತೀರ್ವೆ ರಶೀದಿ ಮಲಯಾಳದಲ್ಲಿತ್ತು, ಅದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿದೆವು. 30,000 ಯೂರೋ ತನಕ ಆಸ್ಪತ್ರೆ ಖರ್ಚು ಕೊಡುವ ವಿಮೆ ಮಾಡಿಸಿದೆವು.

ಫೋಟೊ ನನ್ನ ತಪ್ಪಲ್ಲ. 35 ಮಿಲಿಮೀಟರ್ ಅಗಲ, 45 ಎತ್ತರ, ಮುಖ ಇಷ್ಟು ದೊಡ್ಡದಿರಬೇಕು ಎಂದೆಲ್ಲ ಚೀಟಿ ಬರೆದು ಕೊಟ್ಟಿದ್ದೆ. ಸ್ಟುಡಿಯೋದವ ಅಳತೆ ಸರಿ ಮಾಡಿದ. ಅದರ ಜೊತೆ ಗೌರವದಿಂದ ನನ್ನನ್ನು ನಾಲ್ಕು ಸುತ್ತು ಬೆಳ್ಳಗೆ ಮಾಡಿ, ಕಣ್ಣಿನಡಿಯ ಸುಕ್ಕು ತೆಗೆದು, ಎಡಗೆನ್ನೆಯ ಮಚ್ಚೆಯನ್ನೂ ಅಳಿಸಿಬಿಟ್ಟಿದ್ದ. ಮನೆಯಲ್ಲಿ ನೋಡಿದವರೆಲ್ಲ ಚಂದ ಬಂದಿದೆ ಎಂದರು. ನನಗೂ ಹಾಗೇ ಕಂಡಿತು, ಸುಳ್ಳು ಹೇಳುವುದಿಲ್ಲ.

ಅಕ್ಟೋಬರಿನಲ್ಲಿ ಕಣ್ಣೂರು ರೈಲಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಬೆಂಗಳೂರು. ತಮ್ಮನ ಮಗ ಸ್ಟೇಷನ್ನಿಗೆ ಬಂದಿದ್ದ. ವೀಸಾ ಅರ್ಜಿ ತೆಗೆದುಕೊಳ್ಳುವ ಕಡೆ ಕೌಂಟರಿನ ಹುಡುಗಿ ಫೋಟೊ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೊ ನೋಡಿದಳು. "ಇದು ಆಗಲ್ಲ, ಎಡಿಟ್ ಆಗಿದೆ." ಅಲ್ಲೇ ಮೂಲೆಯಲ್ಲಿ ದುಡ್ಡು ಕೊಟ್ಟು ಬೇರೆ ತೆಗೆಸಿದೆ. ಕನ್ನಡಕ ಇಲ್ಲದೆ, ನಗದೆ, ಮಚ್ಚೆ ಸಮೇತ. ರಾತ್ರಿ ಇಡೀ ನಿದ್ದೆಗೆಟ್ಟ ಮುಖ.

ಅದೇ ಹುಡುಗಿ ವಿಳಾಸದಲ್ಲಿ ಕೇರಳ ನೋಡಿ, ಮಲಯಾಳ ಬರುವ ಸಹೋದ್ಯೋಗಿಯನ್ನು ಕೂಗಲು ಹೊರಟಿದ್ದಳು. "ನನಗೆ ಕನ್ನಡ ಬರ್ತದೆ" ಎಂದೆ. ಆಮೇಲೆ ಎಲ್ಲ ಕನ್ನಡದಲ್ಲೇ ನಡೆಯಿತು. ಹತ್ತೂ ಬೆರಳು ಕೊಟ್ಟಾಯಿತು, ವಾರ ಹಚ್ಚಿದ ಎಣ್ಣೆಗೆ ಫಲ ಸಿಕ್ಕಿತು. 90 ಯೂರೋ ಫೀಸಿನ ರೂಪಾಯಿ ಲೆಕ್ಕ ಕಟ್ಟಿದೆ. ಏಳುವಾಗ ಹುಡುಗಿ ನಗುತ್ತಾ, "ಆಂಟಿ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ. ಎಲ್ಲಿ ಕಲಿತ್ರಿ?" ಎಂದು ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಸುಮ್ಮನೆ ನಕ್ಕು ಬಂದೆ. ಕಲಿತದ್ದಲ್ಲ ಮಗಾ, ಕಲಿಸಿದ್ದು ಎನ್ನಬೇಕಿತ್ತು ಎಂದು ಹೊಳೆದದ್ದು ವಾಪಸು ರೈಲು ಸಕಲೇಶಪುರ ಘಾಟಿಯಲ್ಲಿ ಕಿರ್ರೆನ್ನುತ್ತಾ ಇಳಿಯುವಾಗ. ಇಂಥ ಉತ್ತರಗಳು ನನಗೆ ಯಾವಾಗಲೂ ಘಾಟಿ ದಾಟಿದ ಮೇಲೆಯೇ ಬರುವುದು.

ಎರಡು ವಾರದೊಳಗೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂತು. ಅದರಲ್ಲಿ ಆ ನಿದ್ದೆಗೆಟ್ಟ ಮುಖ.

ನನ್ನ ಲೆಕ್ಕದಲ್ಲಿ ನಿಜವಾದ ತಯಾರಿ ಅಲ್ಲಿಂದ ಶುರು. ಅಲ್ಲಿಯ ತನಕದ್ದು ಕಾಗದ, ಇನ್ನು ಮುಂದಿನದ್ದು ಬಾಣಂತನ. ನಮ್ಮ ಕಡೆ ಬಾಣಂತಿಗೆ ಲೇಹ್ಯ ಮಾಡುವುದು ಒಂದು ದಿನದ ಕೆಲಸ ಅಲ್ಲ. ಒಣಶುಂಠಿ, ಓಮ, ಜೀರಿಗೆ, ಮೆಂತೆ, ಕಾಳುಮೆಣಸು, ಹಿಪ್ಪಲಿ, ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಜೀರಿಗೆ ಕರಟುತ್ತದೆ, ಶುಂಠಿ ಹಸಿಯೇ ಉಳಿಯುತ್ತದೆ. ಓಮ ಸಿಡಿಯುವ ಮೊದಲು ಇಳಿಸಬೇಕು. ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ, ಬೆಲ್ಲದ ಪಾಕಕ್ಕೆ ಹಾಕಿ ಮಗುಚುತ್ತಾ ಇದ್ದು, ಕೊನೆಗೆ ತುಪ್ಪ. ತುಪ್ಪ ಕಡಿಮೆ ಆದರೆ ಅದು ಲೇಹ್ಯವೇ ಅಲ್ಲ.

"ತುಪ್ಪ ತರ್ಲಿಕ್ಕೆ ಇಲ್ಲ ಅಮ್ಮ" ಎಂದಳು ಮಗಳು. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ, ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ತರುವಂತಿಲ್ಲ. ನನ್ನ ದನದ, ನಾನೇ ಕಡೆದ ಬೆಣ್ಣೆಯ, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ. ಎರಡು ದಿನ ಮಾತು ಬಿಟ್ಟೆ, ಮಗಳ ಹತ್ತಿರ ಅಲ್ಲ, ಜರ್ಮನಿಯ ಹತ್ತಿರ. ಆಮೇಲೆ ದಾರಿ ನಾನೇ ಹುಡುಕಿದೆ. ಅಲ್ಲಿ ಬೆಣ್ಣೆ ಸಿಗುತ್ತದಲ್ಲ? ಇಲ್ಲಿಂದ ಪುಡಿ ಮಾತ್ರ ಒಯ್ಯುವುದು, ಬೆಣ್ಣೆ ಅಲ್ಲಿ ಕಾಯಿಸುವುದು, ಲೇಹ್ಯ ಅಲ್ಲಿಯೇ ಕಾಸುವುದು. ಪುಡಿಯ ಕಟ್ಟುಗಳ ಮೇಲೆಲ್ಲ ಒಳಗೆ ಏನಿದೆ ಎಂದು ಇಂಗ್ಲಿಷಿನಲ್ಲಿ ಬರೆದಿಡಲು ಅಳಿಯ ಹೇಳಿದ. ಬರೆದು ಮುಗಿಸುವಾಗ ಕೋಣೆ ಔಷಧದ ಅಂಗಡಿಯ ಹಾಗೆ ಕಂಡಿತು.

ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಹಾಗಾಗಿ ಕರಿಬೇವೂ ಇಲ್ಲ. ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸು, ಬಾಳೆಹಣ್ಣು, ಖರ್ಜೂರ, ದುರಿಯನ್ ಮತ್ತು ತೆಂಗಿನಕಾಯಿ. ತೆಂಗಿನಕಾಯಿ ಎಂಬ ಶಬ್ದ ಕೇಳಿದ್ದೇ ತಡ, ಇವರು ಎದ್ದರು. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಊರಿನವರು ನಾವು, ಕಾಯಿ ಇಲ್ಲದೆ ಹೋಗುವುದು ಹೇಗೆ ಎಂದು 10 ಕಾಯಿ ಸುಲಿದು ಇಟ್ಟರು, ಅರ್ಧ ಕೊಬ್ಬರಿ ಬೇರೆ. ಕೊಬ್ಬರಿಯನ್ನು ನಮ್ಮ ವಿಮಾನ ಭದ್ರತೆಯವರೇ ಬಿಡುವುದಿಲ್ಲ, ಎಣ್ಣೆ ಇರುವ ಕಾರಣ ಬೆಂಕಿ ಹಿಡಿಯುವ ವಸ್ತು ಎಂದು. ಕಾಯಿಗೆ ಆ ಅಡ್ಡಿ ಇಲ್ಲದಿದ್ದರೂ ತೂಕ ಎಲ್ಲಿಂದ ತರುವುದು? ಎರಡು ಇಟ್ಟುಕೊಂಡೆ, ಎಂಟು ಅಡಿಗೆಮನೆಗೆ ಹೋಯಿತು.

ಬಜೆಯ ವಿಷಯದಲ್ಲಿ ಮಗಳಿಗೂ ನನಗೂ ಜಗಳವೇ ಆಯಿತು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಬಜೆ ತೇಯ್ದು ನಾಲಿಗೆಗೆ ಮುಟ್ಟಿಸುವುದು ಉಂಟು, ಅವಳಿಗೂ ನಾನು ಮುಟ್ಟಿಸಿದ್ದೆ. "ಆರು ತಿಂಗಳು ತಾಯಿಹಾಲು ಬಿಟ್ಟು ಒಂದು ಹನಿ ನೀರು ಸಹ ಇಲ್ಲ. ಇಲ್ಲಿ ಹೆಬಾಮೆ ಬರ್ತಾರೆ, ಅವರು ಕೇಳಿದ್ರೆ ನನಗೇ ಬೈತಾರೆ." ಹೆಬಾಮೆ ಎಂದರೆ ಸೂಲಗಿತ್ತಿ. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಅವಳೇ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾಳಂತೆ, ಅದರ ಖರ್ಚು ಆರೋಗ್ಯ ವಿಮೆಯದ್ದೇ. ನನ್ನ ಅಮ್ಮನ ಕಾಲದಲ್ಲಿ ಅಜ್ಜನ ಮನೆಯ ಗುಡ್ಡೆಯ ಕೆಳಗಿನಿಂದ ಒಬ್ಬರು ಬರುತ್ತಿದ್ದರು, ವೀಳ್ಯ ಅಡಿಕೆ ಅಕ್ಕಿ ಕೊಟ್ಟು ಕಳಿಸುವುದು. ಅವರ ಕೈಯಲ್ಲಿ ನಾನು ಹುಟ್ಟಿದ್ದು. ಆ ಹೆಬಾಮೆಯನ್ನು ನೋಡಬೇಕೆಂದು ಕುತೂಹಲ ಹುಟ್ಟಿ ಬಜೆಯನ್ನು ಕೈಬಿಟ್ಟೆ. ಧಾನ್ವಂತರ ತೈಲಕ್ಕೆ ಮಗಳ ಒಪ್ಪಿಗೆ ಸಿಕ್ಕಿತು. ಸೀಲು ಒಡೆಯದ ಬಾಟ್ಲಿ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ದೊಡ್ಡ ಪೆಟ್ಟಿಗೆಯ ನಡುವೆ, ಹಳೆ ಪಂಚೆಗಳ ಒಳಗೆ. ಆ ಪಂಚೆಗಳೂ ಮಗುವಿಗೇ. ವರ್ಷಗಟ್ಟಲೆ ಒಗೆದು ಮೆತ್ತಗಾದ ಬಟ್ಟೆಗೆ ಸಮನಾದದ್ದು ಯಾವ ದೇಶದ ಅಂಗಡಿಯಲ್ಲೂ ಇಲ್ಲ, ಇದರಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ನನ್ನ ಬಿ.ಪಿ. ಮಾತ್ರೆ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ.

ಚಳಿಯ ಬಟ್ಟೆ ಮಂಗಳೂರಿನಲ್ಲಿ ತೆಗೆದೆವು. ಶೂ ಮಾತ್ರ ನನಗೆ ದೊಡ್ಡ ಪರೀಕ್ಷೆ. ಹುಟ್ಟಿ ಇಷ್ಟು ವರ್ಷ ಹವಾಯಿ ಚಪ್ಪಲಿ ಬಿಟ್ಟರೆ ಬರಿಗಾಲು. ಮಗಳು ದಿನಾ ಹಾಕಿ ನಡೆದು ರೂಢಿ ಮಾಡಿಕೋ ಎಂದಳು. ಸೀರೆ ಎತ್ತಿ ಕಟ್ಟಿ, ಉಣ್ಣೆಯ ಕಾಲುಚೀಲ, ದಪ್ಪ ಶೂ ಹಾಕಿ, ಸಂಜೆ ತೋಟಕ್ಕೆ ಇಳಿದೆ. ಅಡಿಕೆ ಮರದ ಬುಡದ ಒದ್ದೆ ಮಣ್ಣಿನಲ್ಲಿ ಪಚಕ್ ಪಚಕ್. ನಾಯಿ ಬೊಗಳಿತು. ದಿನಾ ಅನ್ನ ಹಾಕುವವಳು ಎಂದು ಗುರುತಾಗಲಿಲ್ಲ ಅದಕ್ಕೆ. ಬೇರೆಯವರಿಗೆ ಹಾಲು ಕೊಡದ ಆ ದನ ನನಗೂ ಕಾಲು ಎತ್ತಿತು. ಶೂ ಬಿಚ್ಚಿ ಹಟ್ಟಿಯ ಹೊರಗಿಟ್ಟು ಬಂದ ಮೇಲೆಯೇ ಹಾಲು.

ಇವರನ್ನು ತಯಾರು ಮಾಡುವುದು ಇನ್ನೊಂದು ಕೆಲಸ. ಡಿಸೆಂಬರಿನಿಂದ ಅಡಿಕೆ ಕೊಯ್ಲು, ಅಂಗಳ ಬಿಟ್ಟು ಬರಲಾಗದು, ಹಾಗಾಗಿ ಇವರು ಇಲ್ಲೇ. ಕುಕ್ಕರಿನ ವಿಸಿಲ್ ಎಷ್ಟು, ಸಾಸಿವೆ ಯಾವ ಡಬ್ಬಿ, ಗ್ಯಾಸ್ ಬುಕ್ ಮಾಡುವುದು ಹೇಗೆ ಎಂದು ಗೋಡೆಗೆ ಬರೆದು ಅಂಟಿಸಿದೆ. ಹಾಲು ಕರೆಯಲು ನೆರೆಮನೆಯವಳು ಒಂದು ತಿಂಗಳು ನನ್ನ ಹಳೆ ಸೀರೆ ಉಟ್ಟು ಅಭ್ಯಾಸ ಮಾಡಿದಳು. ದನ ಒಪ್ಪಿತು.

ಮಂಗಳೂರಿನಿಂದ ಬೆಂಗಳೂರು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿ ಅಳಿಯ ಬಂದು ರೈಲಿನಲ್ಲಿ ಕರೆದುಕೊಂಡು ಹೋಗುವುದು. ಟಿಕೆಟಿನಲ್ಲಿ ಮಗಳು ವೀಲ್‌ಚೇರ್ ಎಂದು ಹಾಕಿಸಿದ್ದಳು. ದಿನಕ್ಕೆ ನಾಲ್ಕು ಸಲ ಗುಡ್ಡೆ ಹತ್ತಿ ಇಳಿಯುವವಳಿಗೆ ವೀಲ್‌ಚೇರಾ ಎಂದು ರೇಗಿದೆ. "ನಡಿಲಿಕ್ಕೆ ಆಗದವರಿಗೆ ಮಾತ್ರ ಅಲ್ಲ ಅಮ್ಮ, ದಾರಿ ಗೊತ್ತಿಲ್ಲದ ಅಮ್ಮಂದಿರೆಲ್ಲ ಹೀಗೇ ಬರುವುದು" ಎಂದಳು. ನಿಜವಾಗಿ ಕಾಲಿಲ್ಲದವರ ಕುರ್ಚಿಯಲ್ಲಿ ಕೂರುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ತೆಗೆಸಿಬಿಟ್ಟೆ. ಬದಲಿಗೆ ತಮ್ಮನ ಮಗನಿಂದ ನಿಲ್ದಾಣದ ಹಂತಗಳನ್ನು ಒಂದೊಂದಾಗಿ ಕನ್ನಡದಲ್ಲಿ ಕಾಗದದ ಮೇಲೆ ಬರೆಸಿಕೊಂಡೆ.

ಹೊರಡುವ ಹಿಂದಿನ ದಿನ ಪೆಟ್ಟಿಗೆ ತೂಗಿದ್ದು ಅಡಿಕೆ ತೂಗುವ ಕೊಕ್ಕೆ ತಕ್ಕಡಿಯಲ್ಲಿ. ಕೊಟ್ಟಿಗೆಯ ಅಡ್ಡಪಟ್ಟಿಗೆ ನೇತು ಹಾಕಿದ್ದ ಅದಕ್ಕೆ ಇವರು ಪೆಟ್ಟಿಗೆಯ ಹಿಡಿಕೆ ಸಿಕ್ಕಿಸಿ, ವ್ಯಾಪಾರಿಯ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. 23 ಕಿಲೋ ಇರಬೇಕಾದಲ್ಲಿ 25. ಒಂದು ತೆಂಗಿನಕಾಯಿ ಹೊರಗೆ. ಮಿಡಿ ಉಪ್ಪಿನಕಾಯಿಯ ದೊಡ್ಡ ಬಾಟ್ಲಿ ಹೊರಗೆ, ಸಣ್ಣದು ಒಳಗೆ. ಇನ್ನೊಂದು ಕಾಯಿಯೂ ಹೊರಗೆ. ಹಪ್ಪಳ ಮುಟ್ಟಲು ನಾನು ಬಿಡಲಿಲ್ಲ, ಮಗಳು ಸುದ್ದಿ ಹೇಳಿದ ದಿನದ ಹಪ್ಪಳ ಅದು. ಮುಳ್ಳು 23ರ ಹತ್ತಿರ ಬಂದು ನಿಂತಿತು.

ಪೆಟ್ಟಿಗೆಗಳೆಲ್ಲ ಒಂದೇ ಥರ ಕಾಣುತ್ತವೆ, ಏನಾದರೂ ಗುರುತು ಹಾಕಿ ಎಂದು ಅಳಿಯ ಹೇಳಿದ್ದ. ಇವರು ಅಡಿಕೆ ಗೋಣಿಗೆ ಹೆಸರು ಬರೆಯುವ ಬಿಳಿ ಪೈಂಟಿನ ಡಬ್ಬಿ, ತುದಿ ಜಜ್ಜಿದ ಕಡ್ಡಿ ತಂದರು. ಕಪ್ಪು ಪೆಟ್ಟಿಗೆಯ ಮೇಲೆ ಮಂಡಿಯೂರಿ ಕೂತು, ನಿಧಾನವಾಗಿ, ಒಂದೊಂದು ಅಂಗೈ ಅಗಲದ ಅಕ್ಷರ, ಕನ್ನಡದಲ್ಲಿ. ಶಾರದ. ಕೆಳಗೆ ಕೋಡಿಮೂಲೆ.

"ದೀರ್ಘ ಎಲ್ಲಿ?" ಎಂದೆ.

"ಗೋಣಿಯಲ್ಲಿ ದೀರ್ಘಕ್ಕೆ ಜಾಗ ಇರುದಿಲ್ಲ" ಎಂದರು, ತಲೆ ಎತ್ತದೆ.

ಇದು ಗೋಣಿ ಅಲ್ಲ ಎಂದು ನಾನು ಹೇಳುವಷ್ಟರಲ್ಲಿ ಪೈಂಟು ಒಣಗಿತ್ತು.